ಸಾರು, ಅನ್ನ, ಮುದ್ದೆ ಬಿಡದೆ ತೂಕ ಇಳಿಸುವ ಬಗೆ: ನಲವತ್ತೈದರ ಆಸುಪಾಸಿನವರಿಗೆ

ತಿಂಗಳಿಗೆ ಒಂದರಿಂದ ಒಂದೂವರೆ ಕಿಲೋ. ನಡುವಯಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಗುರಿ ಇಷ್ಟೇ. ದಿನಕ್ಕೆ ಸುಮಾರು 300 ಕ್ಯಾಲರಿ ಕಡಿಮೆಯಾದರೆ ಸಾಕು, ಅದು ತಾನಾಗಿ ಆಗುತ್ತದೆ. ಹದಿನೈದು ದಿನಕ್ಕೆ ಐದು ಕಿಲೋ ಇಳಿಸುವ ಪಥ್ಯಗಳಲ್ಲಿ ಮೊದಲು ಹೋಗುವುದು ನೀರು, ಆಮೇಲೆ ಸ್ನಾಯು. ಈ ವಯಸ್ಸಿನಲ್ಲಿ ಸ್ನಾಯು ಹೇಗೂ ಸವೆಯುತ್ತಿರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲಕ್ಕೆ ಕೊಬ್ಬು ತೊಡೆ, ಸೊಂಟ ಬಿಟ್ಟು ಹೊಟ್ಟೆಯ ಸುತ್ತ ಕೂರತೊಡಗುತ್ತದೆ. ಹೊಟ್ಟೆಗೆ ಸರಿಯಾಗಿ ತಿನ್ನದೆ ಇಳಿಸಿದ ತೂಕ ಮರಳಿ ಬರುವಾಗ ಕೊಬ್ಬಾಗಿಯೇ ಬರುತ್ತದೆ, ಹೋದ ಸ್ನಾಯು ಅಷ್ಟು ಸುಲಭಕ್ಕೆ ವಾಪಸಾಗುವುದಿಲ್ಲ.

ಇದಕ್ಕೆ ಬೇರೆ ಅಡುಗೆ ಬೇಕಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದು, ತೂಕ ಇಳಿಸುವವರಿಗೆ ಇನ್ನೊಂದು ಎಂದು ಎರಡು ಒಲೆ ಹೂಡಿದರೆ ಮೂರನೇ ವಾರಕ್ಕೆ ಬೇಸರ ಬಂದು ನಿಂತುಹೋಗುತ್ತದೆ. ಅದೇ ಸಾರು, ಅದೇ ಪಲ್ಯ, ಅದೇ ಮುದ್ದೆ ಇರಲಿ. ಬದಲಾಗಬೇಕಾದದ್ದು ಮೂರು ಅಳತೆ: ಎಣ್ಣೆ ಮತ್ತು ಧಾನ್ಯ ಇಳಿಯಬೇಕು, ಬೇಳೆಕಾಳು ಏರಬೇಕು.

ಶುರು ಮಾಡುವ ಮುಂಚೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ಮಾತ್ರೆಯ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಕಡಿಮೆಯಾದರೆ ಸಕ್ಕರೆ ಕುಸಿಯುತ್ತದೆ: ಕೈ ನಡುಗುತ್ತದೆ, ಮೈ ಬೆವರುತ್ತದೆ, ತಲೆ ಸುತ್ತುತ್ತದೆ. ಕಿಡ್ನಿ ತೊಂದರೆ ಇರುವವರು ಬೇಳೆಕಾಳು ಹೆಚ್ಚಿಸುವ ಮುನ್ನ ಕೇಳಬೇಕು. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಇದ್ದರೆ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಆಮೇಲೆ ಒಂದು ಟೇಪು. ಬೆತ್ತಲೆ ಹೊಟ್ಟೆಯ ಮೇಲೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಹೊರಬಿಟ್ಟಾಗ ಅಳೆಯಿರಿ. ಭಾರತೀಯರಿಗೆ ಹಾಕಿಕೊಟ್ಟಿರುವ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ತೂಕ ಸರಿಯಿದ್ದು ಈ ಅಳತೆ ಮೀರಿದ್ದರೂ ಕೆಳಗೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ತೂಕವನ್ನು ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಬೆಳಗ್ಗೆ ಶೌಚಕ್ಕೆ ಹೋಗಿಬಂದು ಏನೂ ತಿನ್ನುವ ಮೊದಲು ನೋಡಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿದ್ದರೆ ಮೈಯಲ್ಲಿ ನೀರು ನಿಂತು ಒಂದು ಕಿಲೋವರೆಗೂ ಹೆಚ್ಚು ತೋರಿಸಬಹುದು. ಹಾಗಾಗಿ ನಾಲ್ಕು ವಾರದ ಲೆಕ್ಕ ಒಟ್ಟಿಗೆ ನೋಡಬೇಕು.

ಎಣ್ಣೆಯ ಲೆಕ್ಕ ತಿಂಗಳಿಗೆ ಹಾಕಿ

ಅಡುಗೆ ಮಾಡುವವರನ್ನು "ಎಷ್ಟು ಎಣ್ಣೆ ಹಾಕ್ತೀರಿ?" ಎಂದು ಕೇಳಿದರೆ ಎಲ್ಲರೂ "ಸ್ವಲ್ಪವೇ" ಎನ್ನುತ್ತಾರೆ. ಸುಳ್ಳೇನಲ್ಲ, ಕೈ ಅಳತೆ ಹಾಗಿರುತ್ತದೆ. ನಿಜವಾದ ಲೆಕ್ಕ ಸಿಗುವುದು ದಿನಸಿ ಚೀಟಿಯಲ್ಲಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 38 ಗ್ರಾಂ ಆಯಿತು. ಅದನ್ನು ಎರಡೂವರೆ ಲೀಟರಿಗೆ ಇಳಿಸಿದರೆ 19 ಗ್ರಾಂ. ಇದೊಂದರಿಂದಲೇ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು 170 ಕ್ಯಾಲರಿ ಕಡಿಮೆ, ಬೇಕಾದ 300ರಲ್ಲಿ ಅರ್ಧಕ್ಕಿಂತ ಹೆಚ್ಚು. ತುಪ್ಪ, ಬೆಣ್ಣೆಯೂ ಇದೇ ಲೆಕ್ಕಕ್ಕೆ ಸೇರುತ್ತವೆ. ಗಾಣದ ಎಣ್ಣೆಯಾದರೂ ರಿಫೈಂಡ್ ಆದರೂ ಒಂದು ಗ್ರಾಮಿಗೆ 9 ಕ್ಯಾಲರಿಯೇ.

ಇಳಿಸುವುದು ಎಲ್ಲಿ? ಮೊದಲು ಒಗ್ಗರಣೆಯಲ್ಲಿ. ಅಗಲದ ಬಾಣಲೆಗೆ ಒಂದು ಟೀ ಚಮಚ ಎಣ್ಣೆ ಹಾಕಿದರೆ ತೆಳ್ಳಗೆ ಹರಡಿಬಿಡುತ್ತದೆ, ಸಾಸಿವೆ ಮುಳುಗದೆ ಸೀದುಹೋಗುತ್ತದೆ, ಆಗ ಕೈ ತಾನಾಗಿಯೇ ಇನ್ನೆರಡು ಚಮಚ ಸುರಿಯುತ್ತದೆ. ಅದೇ ಒಂದು ಚಮಚವನ್ನು ಗುಂಡಿಯಿರುವ ಒಗ್ಗರಣೆ ಸೌಟಿನಲ್ಲಿ ಕಾಯಿಸಿ ಓರೆ ಮಾಡಿ ಹಿಡಿದರೆ ಎಣ್ಣೆ ಒಂದೆಡೆ ನಿಲ್ಲುತ್ತದೆ, ಸಾಸಿವೆ, ಇಂಗು, ಕರಿಬೇವು ಮೂರೂ ಚಟಪಟ ಅನ್ನುತ್ತವೆ. ನಾಲ್ಕು ಜನರ ಸಾರಿಗೆ ಇಷ್ಟೇ ಸಾಕು. ಒಗ್ಗರಣೆ ಹಾಕಿದ ತಕ್ಷಣ ಪಾತ್ರೆ ಮುಚ್ಚಿದರೆ ಘಮ ಒಳಗೇ ಉಳಿಯುತ್ತದೆ.

ಪಲ್ಯಕ್ಕೆ ಅರ್ಧ ಕಿಲೋ ಹುರುಳಿಕಾಯಿಗೆ ಎರಡು ಟೀ ಚಮಚ ಎಣ್ಣೆ. ಕಾಯಿ ಬಾಣಲೆಗೆ ಬಿದ್ದ ಕೂಡಲೇ ಉಪ್ಪು ಹಾಕಿ, ಉಪ್ಪು ನೀರು ಬಿಡಿಸುತ್ತದೆ. ಮೂರು ಟೇಬಲ್ ಚಮಚ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಪಲ್ಯ ತಳ ಹಿಡಿಯುವುದು ಎಣ್ಣೆ ಸಾಲದೆ ಎಂದುಕೊಳ್ಳುತ್ತೇವೆ. ಬಹಳ ಸಲ ಕಾರಣ ಬೇರೆ: ಉರಿ ಜಾಸ್ತಿಯಾಗಿರುತ್ತದೆ, ಮೇಲೆ ತಟ್ಟೆ ಮುಚ್ಚಿರುವುದಿಲ್ಲ, ಇಲ್ಲವೇ ಪಾತ್ರೆಯ ತಳ ತೆಳುವಾಗಿರುತ್ತದೆ. ತೆಂಗಿನತುರಿ ನಾಲ್ಕು ಜನಕ್ಕೆ ಎರಡು ಟೇಬಲ್ ಚಮಚ, ಒಲೆ ಆರಿಸಿದ ಮೇಲೆ ಹಾಕಿ. ಕೊನೆಗೆ ಹಾಕಿದ ಹಸಿ ತುರಿ ನಾಲಗೆಗೆ ನೇರವಾಗಿ ಸಿಗುವುದರಿಂದ ಕಡಿಮೆ ಅನ್ನಿಸುವುದಿಲ್ಲ.

ಉತ್ತರ ಕರ್ನಾಟಕದ ಎಣ್ಣೆಗಾಯಿಗೆ ಬೇರೆ ಉಪಾಯ ಬೇಕು. ಬದನೆಯ ತಿರುಳಿನ ತುಂಬ ಗಾಳಿಯ ಸಂದುಗಳಿವೆ, ಹಸಿಯದನ್ನು ಎಣ್ಣೆಗೆ ಹಾಕಿದರೆ ಎಷ್ಟು ಸುರಿದರೂ ಹೀರುತ್ತದೆ. ಸೀಳಿದ ಬದನೆಕಾಯಿಗಳನ್ನು ಮೊದಲು ಇಡ್ಲಿ ಪಾತ್ರೆಯ ಹಬೆಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಆ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಶೇಂಗಾ, ಎಳ್ಳಿನ ಮಸಾಲೆ ತುಂಬಿ ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಬೇಯಿಸಿದರೆ ಎಂಟು ಕಾಯಿ ಆಗುತ್ತವೆ. ಮಸಾಲೆಯ ಶೇಂಗಾ ತಾನೇ ಎಣ್ಣೆ ಬಿಡುತ್ತದೆ, ಮೇಲೆ ತೇಲುವ ಕೆಂಪು ಜಿಡ್ಡಿಗೂ ಕೊರತೆಯಾಗದು.

ಅನ್ನ ಮತ್ತು ಮುದ್ದೆ

ಅಕ್ಕಿ ಬಿಟ್ಟು ರಾಗಿ ಹಿಡಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, ರಾಗಿ ಹಿಟ್ಟಿನಲ್ಲಿ ಸುಮಾರು 320. ವ್ಯತ್ಯಾಸ ಅಷ್ಟೇ. ರಾಗಿಯ ನಾರು ಮತ್ತು ಸುಣ್ಣದಂಶ ದೊಡ್ಡ ಲಾಭ, ಮೂಳೆ ಸವೆಯುವ ವಯಸ್ಸಿಗೆ ಅದು ಬೇಕೇ ಬೇಕು. ಆದರೆ ದೊಡ್ಡ ಮುದ್ದೆ ಮುಗಿಸಿ ಅದರ ಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡರೆ ಯಾವ ಧಾನ್ಯವೂ ಕಾಪಾಡುವುದಿಲ್ಲ. ಒಂದು ಹೊತ್ತಿಗೆ ಒಂದೇ ಧಾನ್ಯ, ಮುದ್ದೆಯೋ ಅನ್ನವೋ ಚಪಾತಿಯೋ ಎಂದು ಇಟ್ಟುಕೊಳ್ಳುವುದು ನಮ್ಮ ಕಡೆಯ ಊಟಕ್ಕೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ನಿಯಮ.

ಅಳತೆ ಬೇಯಿಸುವ ಮೊದಲೇ ಆಗಬೇಕು. ಒಬ್ಬರಿಗೆ ಒಂದು ಹೊತ್ತಿಗೆ 60 ಗ್ರಾಂ ಅಕ್ಕಿ, ಬೆಂದ ಮೇಲೆ ಅದು 160–170 ಗ್ರಾಂ ಅನ್ನವಾಗುತ್ತದೆ. ಮನೆಯ ಪಾವಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿ, ಸಾಮಾನ್ಯವಾಗಿ 200 ಗ್ರಾಂ ಆಸುಪಾಸು ಇರುತ್ತದೆ. ಆ ಲೆಕ್ಕಕ್ಕೆ ಒಂದು ಪಾವಿನಲ್ಲಿ ಮೂರು ಜನರ ಅನ್ನ ಆಗಬೇಕು. ಮುದ್ದೆಗೂ ತಲೆಗೆ 60 ಗ್ರಾಂ ಹಿಟ್ಟು, ಅದಕ್ಕೆ 130 ಮಿಲಿಯಷ್ಟು ನೀರು. ಈಗ ತಿನ್ನುವುದು ಇದರ ಎರಡರಷ್ಟಿದ್ದರೆ ಒಂದೇ ದಿನಕ್ಕೆ ಅರ್ಧ ಮಾಡಬೇಡಿ. ವಾರಕ್ಕೆ ಒಂದು ಹಿಡಿಯಂತೆ ಇಳಿಸಿ, ಇಳಿಸಿದಷ್ಟೂ ಜಾಗಕ್ಕೆ ಪಲ್ಯ, ಕೋಸಂಬರಿ ಬರಲಿ. ಹೊಲದಲ್ಲಿ, ಕಟ್ಟಡದಲ್ಲಿ ದಿನವಿಡೀ ದುಡಿಯುವವರಿಗೆ ಈ ಅಳತೆ ಸಾಲದು.

ಬಡಿಸುವ ಕ್ರಮವೂ ಮುಖ್ಯ. ಬಾಳೆಎಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ಆಮೇಲೆ ಬರುತ್ತದೆ. ದಿನದ ಊಟದಲ್ಲೂ ಹಾಗೇ ಮಾಡಿ: ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು ಹಾಕಿಕೊಂಡು ಅದರಲ್ಲಿ ಮುಕ್ಕಾಲು ಪಾಲು ತಿಂದ ಮೇಲೆ ಅನ್ನಕ್ಕೆ ಕೈ ಹಾಕಿ. ಹೊಟ್ಟೆ ಬೇಗ ತುಂಬುತ್ತದೆ, ಊಟದ ನಂತರ ಸಕ್ಕರೆ ಏರುವುದೂ ನಿಧಾನವಾಗುತ್ತದೆ.

ಬೇಳೆಕಾಳು: ಎಲ್ಲರೂ ಕಡಿಮೆ ತಿನ್ನುವುದು ಇಲ್ಲೇ

ತಿಳಿಸಾರು ರುಚಿಗೆ ಚೆನ್ನ, ಆದರೆ ಒಂದು ಬಟ್ಟಲು ತಿಳಿಸಾರಿನಲ್ಲಿ ಪ್ರೋಟೀನ್ ಎರಡು ಮೂರು ಗ್ರಾಂ ದಾಟುವುದು ಕಷ್ಟ. 60 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಬೇಕು. ತೂಕ ಇಳಿಸುತ್ತಿದ್ದರೆ 60ರ ಹತ್ತಿರ ಇರುವುದು ಒಳ್ಳೆಯದು. ಪ್ರೋಟೀನ್ ಸಾಲದಿದ್ದರೆ ಊಟವಾದ ಎರಡು ಗಂಟೆಗೆ ಮತ್ತೆ ಹಸಿವು. ಸಂಜೆ ಚಕ್ಕುಲಿ ಡಬ್ಬಿಗೆ ಕೈ ಹೋಗುವುದು ಬಹುತೇಕ ಇದರಿಂದಲೇ.

ಮೊಟ್ಟೆ, ಮೀನು ತಿನ್ನುವ ಮನೆಯಲ್ಲಿ ಇದು ಸುಲಭ. ಸಸ್ಯಾಹಾರಿಗಳ ಒಂದು ದಿನ ಹೀಗಿರಬಹುದು: ಬೆಳಗ್ಗೆ ತಲೆಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ (12 ಗ್ರಾಂ), ಮಧ್ಯಾಹ್ನ ಮಸ್ಸೊಪ್ಪು (8), ಅನ್ನ ಅಥವಾ ಮುದ್ದೆ (4), ಒಂದು ಬಟ್ಟಲು ಮೊಸರು (5), ಸಂಜೆ 30 ಗ್ರಾಂ ಕಡಲೆಕಾಳಿನ ಉಸಲಿ (6), ದಿನದ ಕಾಫಿ, ಹಾಲು ಸೇರಿ 200 ಮಿಲಿ (6), ರಾತ್ರಿ ಎರಡು ಚಪಾತಿಗೆ (7) ಅಲಸಂದೆಯದೋ ಹುರುಳಿಕಾಳಿನದೋ 40 ಗ್ರಾಂ ಕಾಳಿನ ಪಲ್ಯ (9). ಅಲ್ಲಿಗೆ 57.

ಮಸ್ಸೊಪ್ಪು ಈ ಇಡೀ ಲೆಕ್ಕಕ್ಕೆ ಹೇಳಿ ಮಾಡಿಸಿದ ಅಡುಗೆ. ನಾಲ್ಕು ಜನಕ್ಕೆ ದಂಟು, ಹರಿವೆ, ಪಾಲಕ್ ಬೆರೆಸಿ ಅರ್ಧ ಕಿಲೋ ಸೊಪ್ಪು, ಮೆಂತ್ಯ ಒಂದೇ ಹಿಡಿ (ಹೆಚ್ಚಾದರೆ ಕಹಿ). ತೊಗರಿಬೇಳೆ 100 ಗ್ರಾಂ, ಈರುಳ್ಳಿ ಒಂದು, ಹಸಿಮೆಣಸಿನಕಾಯಿ ಐದಾರು. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಕುಕ್ಕರಿನಲ್ಲಿ ಎರಡು ಮೂರು ವಿಷಲ್ ಕೂಗಿಸಿ, ಬೆಂದ ಮೇಲೆ ಸೊಪ್ಪು ಹಾಕಿ ಐದಾರು ನಿಮಿಷ ತೆರೆದಿಟ್ಟು ಬೇಯಿಸಿ. ಹುಣಸೆ, ಟೊಮೆಟೊ ಇದಾದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗದು. ಕಟ್ಟು ಬಸಿದು ಪಕ್ಕಕ್ಕಿಟ್ಟು ಮಸೆಯಿರಿ, ಗಟ್ಟಿ ಹದ ಬಂದ ಮೇಲೆ ಬೇಕಾದಷ್ಟೇ ಕಟ್ಟು ಸೇರಿಸಿ. ಉಪ್ಪು ಒಂದು ಟೀ ಚಮಚ. ಎರಡು ಟೀ ಚಮಚ ಎಣ್ಣೆಯಲ್ಲಿ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿಯನ್ನು ಕೆಂಪಗೆ ಮಾಡಿ ಒಗ್ಗರಣೆ ಕೊಡಿ. ಒಬ್ಬರ ಪಾಲಿಗೆ 150 ಕ್ಯಾಲರಿ ಆಸುಪಾಸು. ಉಳಿದ ಕಟ್ಟನ್ನು ಚೆಲ್ಲಬೇಡಿ, ರಾತ್ರಿಗೆ ಮೆಣಸು, ಜೀರಿಗೆ ಹಾಕಿ ಸಾರು ಮಾಡಿ.

ಕಾಫಿ, ಸಂಜೆ, ಉಳಿದ ಅನ್ನ

ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ಮೂರು ಕಾಫಿ ಎಂದರೆ 120 ಕ್ಯಾಲರಿ. ಎರಡು ವಾರಕ್ಕೊಮ್ಮೆ ಅರ್ಧ ಚಮಚದಂತೆ ಇಳಿಸಿ, ನಾಲಗೆ ಹೊಂದಿಕೊಳ್ಳುತ್ತದೆ. ಬೆಲ್ಲ ಹಾಕಿದರೆ ಉಳಿತಾಯವೇನೂ ಇಲ್ಲ.

ಅಡುಗೆ ಮಾಡುವ ಹೆಂಗಸರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವಾಗ ಪಲ್ಯ ಮುಗಿದಿರುತ್ತದೆ, ಅನ್ನ ಉಳಿದಿರುತ್ತದೆ, ಹಾಳಾಗಬಾರದೆಂದು ಅದನ್ನೇ ತಿನ್ನುತ್ತಾರೆ. ಅಡುಗೆಯಾದ ತಕ್ಷಣ ನಿಮ್ಮ ಪಾಲಿನ ಪಲ್ಯ, ಕಾಳು ತೆಗೆದಿಟ್ಟು ಆಮೇಲೆ ಬಡಿಸಿ, ಇಲ್ಲವೇ ಎಲ್ಲರ ಜೊತೆಗೇ ಕೂರಿ. ಮನೆಯವರು ತಾವೇ ಬಡಿಸಿಕೊಳ್ಳುವುದು ಕಲಿತರೆ ಇನ್ನೂ ಒಳ್ಳೆಯದು.

ಹಬ್ಬದ ದಿನ ಹೋಳಿಗೆ ಬಿಡಬೇಕಿಲ್ಲ. ಅಂದು ಅನ್ನದ ಪಾಲು ಬಿಟ್ಟು ಹೋಳಿಗೆ ತಿನ್ನಿ. ಉಳಿದದ್ದನ್ನು ಅಂದೇ ಸಂಜೆ ಅಕ್ಕಪಕ್ಕದವರಿಗೆ ಹಂಚಿ, ಏಕೆಂದರೆ ತೂಕ ಏರಿಸುವುದು ಡಬ್ಬಿಯಲ್ಲಿ ಉಳಿದು ನಾಲ್ಕು ದಿನ ತಿನ್ನುವ ಹೋಳಿಗೆ.

ನಡಿಗೆ, ಕುರ್ಚಿ

ವಾರಕ್ಕೆ 150 ನಿಮಿಷ ಚುರುಕು ನಡಿಗೆ. ರಾತ್ರಿ ಊಟ ಎಂಟರೊಳಗೆ ಮುಗಿಸಿ ಹದಿನೈದು ನಿಮಿಷ ನಡೆದರೆ ಸಕ್ಕರೆಗೂ ನಿದ್ದೆಗೂ ಒಳ್ಳೆಯದು. ಇದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಹತ್ತು ದಂಡ, ಇವೆರಡನ್ನೂ ನಡುವೆ ದಣಿವಾರಿಸಿಕೊಂಡು ಮೂರು ಸುತ್ತು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬಿಟ್ಟು ಎತ್ತರಿಸಿಕೊಳ್ಳಿ.

ತೂಕ ನಿಂತುಬಿಟ್ಟರೆ

ಮೂರನೇ ನಾಲ್ಕನೇ ತಿಂಗಳಿಗೆ ಮುಳ್ಳು ಅಲ್ಲಾಡದೆ ನಿಲ್ಲುವುದು ಸಹಜ. ಮೈ ಹಗುರವಾದಂತೆ ಅದು ಸುಡುವ ಕ್ಯಾಲರಿಯೂ ಇಳಿಯುತ್ತದೆ, ಜೊತೆಗೆ ಕೈ ಅಳತೆ ಮೆಲ್ಲಗೆ ಹಿಂದಿನದಕ್ಕೇ ಮರಳಿರುತ್ತದೆ. ಆಗ ಊಟ ಬಿಡಲು ಹೋಗಬೇಡಿ. ಒಂದು ವಾರ ಎಣ್ಣೆ, ಅಕ್ಕಿ ಎರಡನ್ನೂ ಮತ್ತೆ ಚಮಚದಲ್ಲಿ, ತಕ್ಕಡಿಯಲ್ಲಿ ಅಳೆಯಿರಿ. ಅಳತೆ ಸರಿಯಿದ್ದರೆ ಟೇಪು ಹಿಡಿಯಿರಿ: ತೂಕ ನಿಂತು ಹೊಟ್ಟೆಯ ಸುತ್ತಳತೆ ಕಡಿಮೆಯಾಗುತ್ತಿದ್ದರೆ ಏನೂ ಬದಲಿಸಬೇಕಿಲ್ಲ. ಎರಡೂ ಆರು ವಾರ ಕದಲದಿದ್ದರೆ ದಿನಕ್ಕೆ ಹದಿನೈದು ನಿಮಿಷ ನಡಿಗೆ ಹೆಚ್ಚಿಸಿ ಅಥವಾ ರಾತ್ರಿಯ ಎರಡನೇ ಚಪಾತಿ ಬಿಟ್ಟು ಆ ಜಾಗಕ್ಕೆ ಒಂದು ಬಟ್ಟಲು ತರಕಾರಿ ಪಲ್ಯ ಸೇರಿಸಿ. ಮೊದಲಿನ ತೂಕದ ನೂರಕ್ಕೆ ಐದರಷ್ಟು, ಅಂದರೆ 76 ಕಿಲೋ ಇದ್ದವರು 72ಕ್ಕೆ ಬಂದಾಗ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗಿ ಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ.