ಮುಳ್ಳಿಗೆ ಕೈ ಹಾಕುವ ಮೊದಲು ಸುತ್ತು ಎಣಿಸಿ: ಹಳೇ ಸ್ಪೀಡೋಮೀಟರ್ ಸರಿಮಾಡಿದ ನನ್ನ ಅನುಭವ

ಮೊಬೈಲಿನ ಜಿಪಿಎಸ್ ಪಕ್ಕದಲ್ಲಿಟ್ಟುಕೊಂಡು ನನ್ನ ಹಳೇ ಕಾರು ಓಡಿಸಿದ ದಿನ ವಿಷಯ ಗೊತ್ತಾಯಿತು. ಜಿಪಿಎಸ್‌ನಲ್ಲಿ ಗಂಟೆಗೆ 60 ಮೈಲಿ, ಮೀಟರಿನ ಮುಳ್ಳು ಮಾತ್ರ 54ರಲ್ಲಿ. ಜಾಸ್ತಿ ತೋರಿಸಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡಿಮೆ ತೋರಿಸುವ ಮೀಟರ್ ಅಪಾಯ. ನಿಧಾನವಾಗಿ ಹೋಗುತ್ತಿದ್ದೇನೆ ಅಂದುಕೊಂಡೇ ಜೋರಾಗಿ ಹೋಗಿಬಿಡುತ್ತೇವೆ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಮುಳ್ಳು ಕಿತ್ತು ಆರು ಮೈಲಿ ಮುಂದಕ್ಕೆ ಕೂರಿಸಿದೆ. 60ರಲ್ಲಿ ಸರಿ ಬಂತು. ಆದರೆ 20ರ ವೇಗದಲ್ಲಿ 24 ತೋರಿಸತೊಡಗಿತು. ಮುಳ್ಳು ಸರಿಸಿದರೆ ಎಲ್ಲ ವೇಗಕ್ಕೂ ಅದೇ ಆರು ಸೇರುತ್ತದೆ. ನನ್ನ ಮೀಟರಿನ ತಪ್ಪೋ, ವೇಗ ಹೆಚ್ಚಿದಂತೆ ಹೆಚ್ಚುತ್ತಿತ್ತು.

ಮತ್ತೆ ಹಿಂದಕ್ಕೆ ಕೂರಿಸಿ, ಈ ಸಲ ಓಡಿದ ದೂರ ಎಣಿಸುವ ಓಡೋಮೀಟರ್ ನೋಡಿದೆ. ಹತ್ತು ಮೈಲಿ ಓಡಿದರೆ ಅದು 9.4 ತೋರಿಸಿತು. ಇಲ್ಲಿ ಗಂಟು ಬಿಚ್ಚಿತು. ಓಡೋಮೀಟರನ್ನು ತಿರುಗಿಸುವುದು ಬರೀ ಹಲ್ಲಿನ ಚಕ್ರಗಳು. ಗೇರ್‌ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ ಎಷ್ಟು ಸುತ್ತಿತೋ ಅಷ್ಟೇ ಲೆಕ್ಕ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮುಳ್ಳಿನ ಕಥೆ ಬೇರೆ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ಅದನ್ನೂ ಜೊತೆಗೆ ಎಳೆಯುತ್ತವೆ. ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗ್ ತಡೆಯುತ್ತದೆ. ಈ ಎರಡರ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು. 1902ರಲ್ಲಿ ಓಟೋ ಶುಲ್ಟ್ಸೆ ಪೇಟೆಂಟ್ ಪಡೆದ ಉಪಾಯ ಇದು.

ಅಂದರೆ ನನಗೆ ಎರಡು ತೊಂದರೆ. ಓಡೋಮೀಟರ್ ನೂರಕ್ಕೆ ಆರು ಕಡಿಮೆ, ಮುಳ್ಳು ನೂರಕ್ಕೆ ಹತ್ತು ಕಡಿಮೆ. ಆರು ಕೇಬಲಿಗೆ ಬರುವ ಮೊದಲೇ ಕಳೆದುಹೋಗಿದೆ. ಉಳಿದ ನಾಲ್ಕು ಮೀಟರಿನ ಒಳಗಿನದು.

ಡಯಲಿನ ಕೆಳಗೆ ಸಣ್ಣದಾಗಿ 1280 ಅಂತ ಇದೆ. ಒಂದು ಮೈಲಿಗೆ ಕೇಬಲ್ ಅಷ್ಟು ಸುತ್ತು ತಿರುಗಬೇಕು ಅಂತ ಅರ್ಥ. ನನ್ನದು ಎಷ್ಟು ತಿರುಗುತ್ತಿದೆ? ಮೀಟರ್ ಕಡೆಯ ತುದಿ ಬಿಚ್ಚಿ, ಒಳಗಿನ ಕೇಬಲಿಗೆ ರಟ್ಟಿನ ಚೂರೊಂದನ್ನು ಬಾಣದಂತೆ ಸಿಕ್ಕಿಸಿದೆ. ಹಿಂದಿನ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು. ಸ್ನೇಹಿತರೊಬ್ಬರು ಕಾರನ್ನು ಮೆಲ್ಲಗೆ ತಳ್ಳಿದರು, ನಾನು ಒಳಗೆ ಕೂತು ಬಾಣ ಎಣಿಸಿದೆ. ಚಕ್ರ ಆರು ಸುತ್ತು ಮುಗಿಸುವಾಗ ಬಾಣ ಎಂಟೂಮುಕ್ಕಾಲು ಸುತ್ತು ತಿರುಗಿತ್ತು. ನೆಲದಲ್ಲಿ ಟೇಪ್ ಹಿಡಿದರೆ 11.70 ಮೀಟರ್. ಒಂದು ಮೈಲಿ 1609 ಮೀಟರ್. ಲೆಕ್ಕ ಹಾಕಿದರೆ ಮೈಲಿಗೆ ಸುಮಾರು 1204 ಸುತ್ತು. ಮೊದಲು ಕಾರು ಇಟ್ಟುಕೊಂಡಿದ್ದವರು ದೊಡ್ಡ ಟೈರ್ ಹಾಕಿಸಿದ್ದರು. ಚಕ್ರ ದೊಡ್ಡದಾದರೆ ಅದೇ ದೂರಕ್ಕೆ ಸುತ್ತು ಕಡಿಮೆ ಅಲ್ವಾ?

ಗೇರ್‌ಬಾಕ್ಸಿನಿಂದ ಕೇಬಲನ್ನು ತಿರುಗಿಸುವ ಸಣ್ಣ ಹಲ್ಲಿನ ಚಕ್ರ, ಅಂದರೆ ಪಿನಿಯನ್‌ಗೆ 17 ಹಲ್ಲುಗಳಿದ್ದವು. ಅದೇ ಗೇರ್‌ಬಾಕ್ಸಿಗೆ ಹೊಂದುವ 16 ಹಲ್ಲಿನದು ಹುಡುಕಿ ಹಾಕಿದೆ. ಒಂದು ಹಲ್ಲು ಕಮ್ಮಿಯಾದರೆ ಕೇಬಲ್ ಆ ಲೆಕ್ಕಕ್ಕೆ ಬೇಗ ತಿರುಗುತ್ತದೆ: 1204 ಹೋಗಿ 1279. ಹೊಂದುವ ಪಿನಿಯನ್ ಸಿಗದಿದ್ದರೆ ಕೇಬಲಿನ ದಾರಿಯಲ್ಲಿ ಕೂರಿಸುವ ಸಣ್ಣ ಗೇರ್ ಪೆಟ್ಟಿಗೆಯೂ ಇದೆ.

ಇನ್ನು ಉಳಿದದ್ದು ಒಳಗಿನ ನಾಲ್ಕು. ಮೇಜಿನ ಮೇಲೆ ಮೀಟರಿಗೆ ಡ್ರಿಲ್ ಜೋಡಿಸಿ ಕೇಬಲ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿದೆ. ಸುತ್ತು ಅಳೆಯಲು ಬೆಳಕಿನ ಟ್ಯಾಕೋಮೀಟರ್. ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ. ಹಾಗಾಗಿ ನಿಮಿಷಕ್ಕೆ 1280 ಸುತ್ತು ತಿರುಗಿಸಿದರೆ ಮುಳ್ಳು 60ರಲ್ಲಿ ನಿಲ್ಲಬೇಕು. 640ಕ್ಕೆ 30. ನನ್ನದು 57.5ರಲ್ಲೂ 29ಕ್ಕಿಂತ ಚೂರು ಕೆಳಗೂ ನಿಂತಿತು. ಎರಡು ಕಡೆಯೂ ಅದೇ ನೂರಕ್ಕೆ ನಾಲ್ಕು. ಅಯಸ್ಕಾಂತ ವಯಸ್ಸಾಗಿ ಸೊರಗಿದೆ ಅಂತಾಯಿತು.

ಅದಕ್ಕೆ ಮತ್ತೆ ಶಕ್ತಿ ತುಂಬುವ ಯಂತ್ರ ನನ್ನಲ್ಲಿಲ್ಲ. ಸ್ಪ್ರಿಂಗನ್ನು ಸ್ವಲ್ಪ ಮೆದು ಮಾಡುವುದೊಂದೇ ದಾರಿ. ಸುರುಳಿಯ ಹೊರತುದಿಯಲ್ಲಿ ಸ್ವಲ್ಪ ಬಾಲ ಮಿಕ್ಕಿತ್ತು. ಚಿಮಟದಲ್ಲಿ ಹಿಡಿದು, ಒಂದೊಂದು ಮಿಲಿಮೀಟರ್ ಸಡಿಲ ಬಿಟ್ಟು, ಪ್ರತಿ ಸಲವೂ ಮುಳ್ಳನ್ನು ಸೊನ್ನೆಗೆ ತಂದು, ಮತ್ತೆ ಡ್ರಿಲ್ ಹಚ್ಚಿ ನೋಡಿದೆ. ಉದ್ದ ಹೆಚ್ಚಿದಷ್ಟೂ ಸ್ಪ್ರಿಂಗ್ ಮೆದುವಾಗುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಸುರುಳಿಯ ಒಂದು ಸುತ್ತು ಪಕ್ಕದ್ದಕ್ಕೆ ತಾಗಿದರೂ ಮುಳ್ಳು ತಡೆದು ತಡೆದು ಏರುತ್ತದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಕೇಬಲನ್ನು ತೊಳೆದು ಹೊಸ ಗ್ರೀಸ್ ತೆಳ್ಳಗೆ ಹಚ್ಚಿದೆ. ಮೀಟರ್ ಕಡೆಯ ಒಂದು ಗೇಣು ಮಾತ್ರ ಹಾಗೇ ಬಿಟ್ಟೆ. ಅಲ್ಲಿ ಹಚ್ಚಿದರೆ ಗ್ರೀಸ್ ಮೇಲೇರಿ ಬಟ್ಟಲಿಗೂ ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತದೆ. ಓಡೋಮೀಟರಿನ ಅಂಕೆಗಳನ್ನು ಮುಟ್ಟಲಿಲ್ಲ. ಆ ಕಾರು ಓಡಿದ ದಾರಿ ಅದು, ತಿದ್ದಲು ನಾನ್ಯಾರು.

ಈಗ ಜಿಪಿಎಸ್ 60 ಅಂದರೆ ಮುಳ್ಳೂ 60, 30 ಅಂದರೆ 30. ಮೀಟರಿನ ಡಬ್ಬಿ ಮುಚ್ಚುವ ಮೊದಲು ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಟೈರಿನ ಅಳತೆ, ಪಿನಿಯನ್ 16 ಹಲ್ಲು, ಸ್ಪ್ರಿಂಗ್ ಸಡಿಲಿಸಿದೆ, ತಾರೀಕು. ಮುಂದೆ ಯಾರಾದರೂ ಟೈರ್ ಬದಲಿಸಿ ಇದನ್ನು ಬಿಚ್ಚಿದರೆ ಅವರಿಗೆ ಬೇಕಾಗುತ್ತದೆ.