ಬೀಳು ಗದ್ದೆಗೆ ಕೊಗ್ಗಿ: ಬೀಜ ಉಜ್ಜುವುದರಿಂದ ಉಳುವವರೆಗೆ

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆ ಕೆರೆ ಕೆಳಗಿನ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ದನ, ಕುರಿ ಬಿಡುವುದು ರೂಢಿ. ಹಸಿಯಾಗಿಯೇ ಮಣ್ಣಿಗೆ ಉತ್ತು ಸೇರಿಸುವ ಹಸಿರೆಲೆ ಗೊಬ್ಬರಕ್ಕೆಂದು ಸೆಣಬೋ ಅಲಸಂದೆಯೋ ಬಿತ್ತಿದರೆ ಬೇಲಿ ಇಲ್ಲದೆ ದಕ್ಕುವುದಿಲ್ಲ. ಅಂಥ ಗದ್ದೆಗೆ ಹೇಳಿ ಮಾಡಿಸಿದ ಹಸಿರೆಲೆ ಗೊಬ್ಬರದ ಗಿಡ ಕೊಗ್ಗಿ. ತೆಲುಗಿನಲ್ಲಿ ವೆಂಪಲಿ, ತಮಿಳಿನಲ್ಲಿ ಕೊಳಿಂಜಿ, ಆಯುರ್ವೇದದಲ್ಲಿ ಶರಪುಂಖ. ದನಕ್ಕೆ ಇದರ ರುಚಿ ಹಿಡಿಸುವುದಿಲ್ಲ, ಬೇರು ಆಳಕ್ಕೆ ಇಳಿಯುವುದರಿಂದ ಬೇಸಿಗೆಗೂ ಬಗ್ಗುವುದಿಲ್ಲ.

ದಾರಿಬದಿ, ಗೋಮಾಳ, ಮಸಾರಿ (ಕೆಂಪು ಮಣ್ಣಿನ) ಹೊಲದ ಬದುಗಳಲ್ಲಿ ಮೊಳಕಾಲಿನಿಂದ ಸೊಂಟದ ಎತ್ತರಕ್ಕೆ ತಾನಾಗಿ ಬೆಳೆದಿರುತ್ತದೆ. ನೇರಳೆ ಛಾಯೆಯ ಸಣ್ಣ ಹೂ, ಬೆರಳುದ್ದಕ್ಕಿಂತ ಚಿಕ್ಕದಾದ ಚಪ್ಪಟೆ ಕಾಯಿ. ಅನುಮಾನ ಬಂದರೆ ಒಂದು ಎಲೆದಳದ ತುದಿ, ಬುಡ ಹಿಡಿದು ಎಳೆಯಿರಿ. ಅಡ್ಡಕ್ಕೆ ನೇರವಾಗಿ ಹರಿಯದೆ ಬಾಣದ ಹಿಂಬದಿಯ ಗರಿಯಂತೆ ಕೋನವಾಗಿ ಹರಿಯುತ್ತದೆ. ಶರಪುಂಖ ಎಂಬ ಹೆಸರು ಬಂದದ್ದೇ ಇದರಿಂದ.

ಹೆಚ್ಚಿನವರು ಸೋಲುವುದು ಬೀಜದಲ್ಲಿ. ಅದರ ಸಿಪ್ಪೆ ಮೇಣದಂತೆ ಬಿಗಿ, ನೀರು ಒಳಗೆ ಬಿಡುವುದಿಲ್ಲ. ತಂದದ್ದನ್ನು ಹಾಗೇ ಎರಚಿದರೆ ಅಲ್ಲೊಂದು ಇಲ್ಲೊಂದು ಹುಟ್ಟಿ, ಉಳಿದದ್ದು ಮಣ್ಣಲ್ಲೇ ಮಲಗಿರುತ್ತದೆ. ಎಕರೆಗೆ 6ರಿಂದ 8 ಕಿಲೋ ಬೀಜ ಬೇಕು. ಬೀಜದ ಎರಡರಷ್ಟು ದಪ್ಪ ಮರಳು ಬೆರೆಸಿ, ಒರಳಲ್ಲಿ ಮೆಲ್ಲಗೆ ಕುಟ್ಟಿ ಇಲ್ಲವೇ ಕಲ್ಲುಚಪ್ಪಡಿ ಮೇಲೆ ಹರಡಿ ಉಜ್ಜಿ. ಬೀಜದ ಹೊಳಪು ಹೋಗಿ ಮಂಕಾದರೆ ಸಾಕು, ಒಡೆಯಬಾರದು. ಮರಳು ಬೇಡವೆಂದರೆ 55 ಡಿಗ್ರಿ ಬಿಸಿನೀರಲ್ಲಿ 2–3 ನಿಮಿಷ ಅದ್ದಿ ತೆಗೆಯಬಹುದು. ಎರಡು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ತಣ್ಣೀರು ಬೆರೆಸಿದರೆ ಹೆಚ್ಚುಕಮ್ಮಿ ಆ ಹದ ಬರುತ್ತದೆ. ಕುದಿಯುವ ನೀರನ್ನೇ ಸುರಿದರೆ ಮೊಳಕೆ ಸಾಯುವ ಭಯವಿದೆ. ಯಾವ ದಾರಿ ಹಿಡಿದರೂ ಒಂದು ಹಿಡಿ ಬೀಜ ರಾತ್ರಿ ನೆನೆಹಾಕಿ ನೋಡಿ. ಬೆಳಿಗ್ಗೆ ಉಬ್ಬದೆ ಗಟ್ಟಿಯಾಗಿ ಉಳಿದದ್ದೇ ಹೆಚ್ಚಿದ್ದರೆ ಅಷ್ಟನ್ನೂ ಮತ್ತೆ ಉಜ್ಜಲೇಬೇಕು.

ಭತ್ತ ಕೊಯ್ದು ನೆಲದ ಪಸೆ ಆರುವ ಮೊದಲೇ ಎರಚಿ, ಮೇಲೊಂದು ಹಗುರ ಕುಂಟೆ ಹೊಡೆಯಿರಿ. ಒಂದೆರಡು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಮೊದಲ ಒಂದೆರಡು ತಿಂಗಳು ಬೆಳವಣಿಗೆ ಬಲು ನಿಧಾನ, ಬೆಳೆ ಕೆಟ್ಟಿತೆಂದು ಉತ್ತುಬಿಡಬೇಡಿ. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಸಸಿ ಕೊಳೆಯುತ್ತದೆ, ಅಲ್ಲಿಗೆ ಇದು ಬೇಡ. ನಡುವೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ಬೇರಿನ ಗಂಟು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಅಲಸಂದೆಗೆ ಕೊಡುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ) ಪುಡಿಯನ್ನು ಬೀಜಕ್ಕೆ ಲೇಪಿಸಿ.

ಹೂ ಬಿಡುವ ಹೊತ್ತಿಗೆ ಉಳುವುದು ಸರಿ. ಕಾಂಡ ಬಾಗಿಸಿದರೆ ಬಗ್ಗಬೇಕು. ಲಟಕ್ಕೆಂದು ಮುರಿದರೆ ತಡವಾಗಿದೆ. ಬಲಿತ ಕಡ್ಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ, ನಾಟಿ ಮಾಡಿದ ಪೈರು ಹಳದಿಗೆ ತಿರುಗುತ್ತದೆ. ಎಳೆಯದಾದರೆ ಉತ್ತು ನೀರು ಕಟ್ಟಿದ ಎರಡು ವಾರಕ್ಕೆ ನಾಟಿ ಮಾಡಬಹುದು, ಬಲಿತಿದ್ದರೆ ಕತ್ತರಿಸಿ ಹಾಕಿ ಇನ್ನೂ ಒಂದು ವಾರ ಬಿಡಿ. ಎಕರೆಗೆ ಎರಡೂವರೆ ಟನ್ನಿನಷ್ಟು ಹಸಿರು ಸಿಗುತ್ತದೆ. ಸೆಣಬಿಗಿಂತ ಕಡಿಮೆಯೇ, ಆದರೆ ನೀರು, ಕಾವಲು ಯಾವುದೂ ಇಲ್ಲದೆ ಬಂದದ್ದು.

ಗಿಡದ ಕಂತೆಗಳನ್ನು ಕೆರೆಯಲ್ಲೋ ಬಾವಿಯಲ್ಲೋ ನೆನೆಹಾಕಬೇಡಿ, ಇದರ ರಸಕ್ಕೆ ಮೀನಿಗೆ ಅಮಲು ಬರಿಸುವ ಗುಣವಿದೆ. ಆಯುರ್ವೇದದಲ್ಲಿ ಗುಲ್ಮದ (ಪ್ಲೀಹದ) ತೊಂದರೆಗೆ ಬೇರನ್ನು ಬಳಸುತ್ತಾರೆ. ಅದು ವೈದ್ಯರ ಕೈಯಲ್ಲೇ ಇರಲಿ, ಮನೆಯಲ್ಲಿ ಕುದಿಸಿ ಕುಡಿಯುವುದು ಬೇಡ.

ಬೀಜಕ್ಕೆಂದು ಬದುವಿನ ಪಕ್ಕ ಒಂದು ಪಟ್ಟಿ ಉಳದೆ ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ, ಇಬ್ಬನಿ ಆರುವ ಮೊದಲು ಕೊಯ್ಯಬೇಕು. ಬಿಸಿಲೇರಿದರೆ ಕಾಯಿ ಸೀಳಿ ಸುರುಳಿಯಾಗಿ ಬೀಜ ದೂರಕ್ಕೆ ಸಿಡಿಯುತ್ತದೆ. ಟಾರ್ಪಾಲಿನ ಮೇಲೆ ಒಣಹಾಕುವಾಗಲೂ ಮೇಲೊಂದು ಹಳೆ ಸೀರೆ ಹೊದಿಸಿ. ಗದ್ದೆಯಲ್ಲಿ ಸಿಡಿದ ಬೀಜವೇನೂ ಹಾಳಲ್ಲ. ಮುಂದಿನ ಭತ್ತ ಕೊಯ್ದ ಮೇಲೆ ಅದರಲ್ಲಿ ಒಂದಷ್ಟು ತಾನಾಗಿ ಹುಟ್ಟುತ್ತದೆ, ಖಾಲಿ ಕಂಡ ಕಡೆ ಮಾತ್ರ ಎರಚಿದರೆ ಆಯಿತು.