ಬಿಪಿ ಇರುವವರ ಮನೆಯ ಉಪ್ಪಿನ ಲೆಕ್ಕ

ಮೂಡಿಗೆರೆ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ತೋಟದ ಕೆಲಸದವರು, ಸಣ್ಣ ಬೆಳೆಗಾರರು, ಮನೆಯಲ್ಲಿರುವ ಹಿರಿಯರು ಎಲ್ಲರೂ ಬರುತ್ತಾರೆ. ಬಿಪಿ ಇದ್ದವರಿಗೆಲ್ಲ "ಉಪ್ಪು ಕಮ್ಮಿ ಮಾಡಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಕಮ್ಮಿ ಅಂದರೆ ಎಷ್ಟು ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಾನು ಅವರಿಗೆ ಕೊಡುವ ತರಬೇತಿ ಅಲ್ಲಿಂದಲೇ ಶುರು.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚೆಂದರೆ ಒಂದು ಟೀ ಚಮಚ. ನಮ್ಮಲ್ಲಿ ಉಪ್ಪು ಹಾಕುವುದು ಕೈಯಳತೆಯಲ್ಲಿ, ಚಮಚದ ಮಾತು ಮನೆ ತಲುಪುವಷ್ಟರಲ್ಲಿ ಮರೆತೇಹೋಗುತ್ತದೆ. ಅದಕ್ಕೇ ಲೆಕ್ಕವನ್ನು ಪ್ಯಾಕೆಟ್ಟಿಗೆ ತಂದೆ. ದೊಡ್ಡವರು ನಾಲ್ಕು ಜನ ಇರುವ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನಕ್ಕಾದರೂ ಬರಬೇಕು. ಒಡೆದ ದಿನವೇ ಪೆನ್ನಿನಲ್ಲಿ ಅದರ ಮೇಲೆ ತಾರೀಖು ಬರೆಯಿರಿ ಅನ್ನುತ್ತೇನೆ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಒಣಮೀನು ತಿನ್ನುವ ಮನೆಯಲ್ಲಿ ಅದು ಇನ್ನೂ ಹೆಚ್ಚು ದಿನ ಬರಬೇಕು. ಅಡುಗೆ ಮಾಡುವ ಹೆಂಗಸರು ಬೇಗ ದಾರಿ ಹುಡುಕುತ್ತಾರೆ: ಅಕ್ಕಿರೊಟ್ಟಿ ಹಿಟ್ಟಿಗೆ ಉಪ್ಪೇ ಬೇಡ, ಚಟ್ನಿಗೆ ನಿಂಬೆಹುಳಿ ಮುಂದೆ. ಈ ವಿಷಯದಲ್ಲಿ ನನಗಿಂತ ಅವರೇ ಒಳ್ಳೆಯ ಗುರುಗಳು.

ಎರಡನೆಯದು ಬಿಪಿ ಅಳೆಯುವುದು. ಏರು ಹತ್ತಿ ಬಂದವರು ಸ್ವೆಟರ್ ಮೇಲೇ ಪಟ್ಟಿ ಸುತ್ತಿಸಿಕೊಳ್ಳಲು ಕೈ ಚಾಚುತ್ತಾರೆ. ಹಾಗೆ ಬಂದ ಹಿರಿಯರೊಬ್ಬರಿಗೆ ಮೂತ್ರಕ್ಕೆ ಹೋಗಿ ಬನ್ನಿ ಅಂದೆ. ಸ್ವೆಟರ್ ತೆಗೆಸಿ, ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಮಾತಿಲ್ಲದೆ ಐದು ನಿಮಿಷ ಕೂರಿಸಿದೆ. ಬಿಪಿ ಮಿಷನ್ನಿನ ಬಟನ್ ಒತ್ತಿದ್ದು ಅವರೇ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿ, ಎರಡನ್ನೂ ಪುಸ್ತಕದಲ್ಲಿ ಬರೆದರು. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಮನೆಯಲ್ಲಿ ನೋಡಿಕೊಂಡಾಗ ಮೇಲಿಂದ ಮೇಲೆ 135/85 ದಾಟುತ್ತಿದ್ದರೆ ಆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು.

"ಈಗ ನಾರ್ಮಲ್ ಬಂತಲ್ಲ ಸಿಸ್ಟರ್, ಮಾತ್ರೆ ನಿಲ್ಲಿಸ್ಲಾ?" ಅಂತ ಕೇಳದವರೇ ಇಲ್ಲ. "ಮಾತ್ರೆ ತಗೊಂಡಿದ್ದಕ್ಕೇ ಅಕ್ಕ ನಾರ್ಮಲ್ ಬಂದಿರೋದು" ಅನ್ನುತ್ತೇನೆ. ಪಾದ ಊದಿದರೂ ತಾವಾಗಿಯೇ ಬಿಡಬಾರದು. ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ, ಡಾಕ್ಟರು ಬದಲಿಸಿಕೊಡುತ್ತಾರೆ.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ನಾನು ಪ್ರತಿಯೊಬ್ಬರನ್ನೂ ಕೇಳುವುದು ಸೊಂಟನೋವಿನ ಮಾತ್ರೆ ಬಗ್ಗೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿ ತರಿಸಿ, ಒಂದೊಂದೇ ಹಾಳೆ ನೋಡಿ ಬೇಡದ್ದನ್ನು ಬೇರೆ ಇಡಿಸುತ್ತೇನೆ.